ಕೃತಕ ಏನೂ ಇಲ್ಲ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೈ ಹೇಗಿದೆ? ಲಾಂಡ್ರಿಯ ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಬಿರಿದಿದೆ ಎಂದು ಹೋದ ಸಲ ಫೋನಿನಲ್ಲಿ ನೀನೇ ಹೇಳಿದ್ದೆ. ಮಲಗುವಾಗ ಎಣ್ಣೆ ಹಚ್ಚಿ, ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗು. ಯಾರಾದರೂ ನಕ್ಕರೆ ನಗಲಿ, ನಿನ್ನ ಬಾಯಿ ಇದೆಯಲ್ಲ, ಅವರನ್ನು ನೋಡಿಕೊಳ್ಳುತ್ತದೆ. ಕೆಮ್ಮು ಬಿಟ್ಟಿತೇ? ಆ ಆವಿಯ ಕೋಣೆಯಿಂದ ಬೆವರುತ್ತಾ ಹೊರಬಂದು ಗಾಳಿಗೆ ನಿಲ್ಲಬೇಡ. ಹೋಟೆಲಿನ ಹಾಸಿಗೆ ಬಟ್ಟೆ ಎಷ್ಟು ಬೆಳ್ಳಗಿದ್ದರೂ ಒಗೆದವಳು ಯಾರು ಎಂದು ಮಲಗುವವರು ಕೇಳುವುದಿಲ್ಲ ಎಂದು ಅಮ್ಮ ಹೇಳುತ್ತಾಳೆ. ಅವಳು ಹೊಲಿದ ಸಮವಸ್ತ್ರಗಳಿಗೆ ಗುಂಡಿ ಹಾಕಿದವಳು ಯಾರು ಎಂದೂ ಯಾರೂ ಕೇಳಲಿಲ್ಲವಂತೆ. ಇಪ್ಪತ್ತೆರಡು ವರ್ಷ ಕಾಜಾ ಹಾಕಿದಳು, ಗುಂಡಿ ಹೊಲಿದಳು.

ಅಮ್ಮ ನನ್ನ ಎದುರಿಗೇ ಕಿಟಕಿಯ ಹತ್ತಿರ ಕುಳಿತಿದ್ದಾಳೆ. ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದಾಳೆ. "ಮೊದಲು ನಾನು ಚೆನ್ನಾಗಿದ್ದೀನಿ ಅಂತ ಬರಿ, ಆಮೇಲೆ ಮಿಕ್ಕಿದ್ದು" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ: ಅಮ್ಮ ಚೆನ್ನಾಗಿದ್ದಾಳಂತೆ. ಇನ್ನು ಮಿಕ್ಕಿದ್ದು.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಿನಗೆ ಆಶ್ಚರ್ಯವಾಗಿರಬಹುದು. ಮನೆಯಲ್ಲಿ ಇರುವುದು ಒಂದು ಫೋನು. ನೀನು ಮಾತಾಡುವಾಗ ಅಮ್ಮ ಅದನ್ನು ಜೋರು ಮಾಡಿ ಮೇಜಿನ ನಡುವೆ ಇಟ್ಟು ಕಿವಿಗೊಟ್ಟು ಕೂರುತ್ತಾಳೆ. ಅಲ್ಲದೆ ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ನೀನು "ಏನೇ, ಇದ್ದೀಯೇನೇ?" ಎಂದು ಕಿರುಚುವವರೆಗೂ ನಾನು ತಲೆಯಾಡಿಸುತ್ತಲೇ ಇರುತ್ತೇನೆ. "ಒಂದು ಗಂಟೆ ಹೆತ್ತೆ, ಒಂದು ಹತ್ತಿ ಹೆತ್ತೆ. ಅದು ಢಣಢಣ ಅನ್ನೋದು ನಿಲ್ಲಿಸಲ್ಲ, ಇದು ಬಿದ್ದರೂ ಸದ್ದಾಗಲ್ಲ" ಎಂದು ಅಮ್ಮ ಎಲ್ಲರಿಗೂ ಹೇಳಿ ನಗುತ್ತಿದ್ದಳಲ್ಲ. ಹತ್ತಿ ಸದ್ದು ಮಾಡಬೇಕಾದರೆ ಕಾಗದದಲ್ಲೇ ಮಾಡಬೇಕು. ಅಮ್ಮನಿಗೆ ಓದು ಬಾರದು. ಅವಳ ಕಣ್ಣೆದುರೇ ಕುಳಿತು ಅವಳಿಗೆ ತಿಳಿಯದಂತೆ ನಿನ್ನ ಜೊತೆ ಮಾತಾಡಲು ನನಗಿರುವುದು ಇದೊಂದೇ ದಾರಿ.

ಎಲ್ಲಿಂದ ಶುರು ಮಾಡಲಿ? ಮಾತ್ರೆಯ ಡಬ್ಬಿಯಿಂದ ಮಾಡುತ್ತೇನೆ. ನೀನು ಹೋಗುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ ಇರುವ ಹಸಿರು ಡಬ್ಬಿ ತಂದುಕೊಟ್ಟು, ಅದನ್ನು ಅಮ್ಮನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟೆ. "ಬಿಪಿ ಮಾತ್ರೆ ಒಂದು ದಿನ ತಪ್ಪಿದರೂ ಜವಾಬ್ದಾರಿ ನಿಂದು" ಎಂದೆ. ಈಗಲೂ ನೀನು ಫೋನಿನಲ್ಲಿ ಮಾತ್ರೆ ತಗೊಂಡ್ಯಾ ಎಂದು ಕೇಳಿದಾಗಲೆಲ್ಲ ಅಮ್ಮ ಡಬ್ಬಿಯನ್ನು ಫೋನಿನ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸುತ್ತಾಳೆ. ನೀನು ನಗುತ್ತೀಯ, ಭೇಷ್ ಎನ್ನುತ್ತೀಯ. ಅಕ್ಕಾ, ಅದರಲ್ಲಿ ಇರುವುದು ಮಾತ್ರೆಯಲ್ಲ, ಗುಂಡಿ. ಬಿಳಿಯ ಅಂಗಿಗುಂಡಿ. ಎಂಟು ತಿಂಗಳಿಂದ ನೀನು ಕೇಳುತ್ತಿರುವುದು ಗುಂಡಿಯ ಸದ್ದು. ನಾನು ಪಕ್ಕದಲ್ಲೇ ಇರುತ್ತೇನೆ, ಎಲ್ಲವನ್ನೂ ನೋಡುತ್ತಾ ಸುಮ್ಮನಿರುತ್ತೇನೆ. ನೀನು ಬೈಯುವುದೆಲ್ಲ ಆಮೇಲೆ ಬೈಯಿ, ಈಗ ಓದು.

ನಾನು ಕೆಲಸ ಮಾಡುವ ಕೋಣೆಯ ಬಗ್ಗೆ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಟೈರು ಅಂಗಡಿಯ ಮೇಲಿನ ಮಹಡಿ, ಕಬ್ಬಿಣದ ಮೆಟ್ಟಿಲು, ಒಳಗೆ ಉದ್ದದ ಎರಡು ಮೇಜು. ನಾವು ಆರು ಜನ ಹೆಂಗಸರು. ಚೀಲದಲ್ಲಿ ಒಣಗಿದ ಎಲೆ, ಬೀಜ, ಹಣ್ಣಿನ ಸಿಪ್ಪೆ ಬರುತ್ತದೆ. ಅದನ್ನು ಪುಡಿ ಮಾಡಿ ಜರಡಿ ಹಿಡಿದು ತೂಗಿ ಪೊಟ್ಟಣಕ್ಕೆ ತುಂಬಿ ಸೀಲ್ ಹಾಕುತ್ತೇವೆ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಹಸಿರು ಪುಡಿ. ಅದಕ್ಕೆ ಡಿಟಾಕ್ಸ್ ಪುಡಿ ಎನ್ನುತ್ತಾರೆ. ಇಪ್ಪತ್ತೊಂದು ದಿನ ಬೆಳಿಗ್ಗೆ ಬಿಸಿನೀರಿನಲ್ಲಿ ಕುಡಿದರೆ ಮೈಯೊಳಗಿನ ವಿಷವೆಲ್ಲ ತೊಳೆದುಹೋಗುತ್ತದೆ ಎಂದು ಪೊಟ್ಟಣದ ಮೇಲಿದೆ. ಪುಡಿ ತೂಗುವ ಹೆಂಗಸನ್ನು ಎಲ್ಲರೂ ತೂಕದಮ್ಮ ಎನ್ನುತ್ತಾರೆ. "ಯಾವ ವಿಷ ಹೋಗುತ್ತೋ ನಂಗೊತ್ತಿಲ್ಲಮ್ಮ. ಎರಡು ಚಮಚ ಕುಡಿದರೆ ಮನುಷ್ಯ ಎಲ್ಲಿಗೆ ಓಡ್ತಾನೆ ಅನ್ನೋದು ಗೊತ್ತು" ಎನ್ನುತ್ತಾಳೆ. ಹೊಟ್ಟೆ ಸಡಿಲ ಮಾಡುವ ಎಲೆ ಅದರಲ್ಲಿ ಜಾಸ್ತಿ. ನಮ್ಮಲ್ಲಿ ಯಾರೂ ಅದನ್ನು ಕುಡಿಯುವುದಿಲ್ಲ. ಸೀಲ್ ವಾರೆಯಾದ ಪೊಟ್ಟಣಗಳನ್ನು ನಮ್ಮ ಮಾಲೀಕರು, ಮೇಡಂ, ನಮಗೇ ಕೊಟ್ಟುಬಿಡುತ್ತಾರೆ. ಉಳಿದವರು ಮೆಟ್ಟಿಲ ಕೆಳಗಿನ ಬುಟ್ಟಿಗೆ ಹಾಕಿ ಹೋಗುತ್ತಾರೆ. ನಾನೊಬ್ಬಳು ಮನೆಗೆ ತಂದೆ.

ಹತ್ತು ತಿಂಗಳ ಹಿಂದೆ ಮೇಡಂ ನನ್ನನ್ನು ಕರೆದರು. ನಾನು ಚೀಲಗಳ ಮೇಲೆ ಹೆಸರು ಬರೆಯುವುದನ್ನು ನೋಡಿದ್ದರಂತೆ. ಅಕ್ಷರ ಗುಂಡಗೆ, ಮುದ್ದಾಗಿದೆ ಎಂದರು. ಅಚ್ಚಿನ ಅಕ್ಷರವಿದ್ದರೆ ಜನ ಕಂಪನಿಯ ಮಾಲು ಎಂದುಕೊಳ್ಳುತ್ತಾರೆ, ಕೈಬರಹವಿದ್ದರೆ ಮನೆಯಲ್ಲಿ ಮಾಡಿದ್ದು ಎಂದು ನಂಬುತ್ತಾರೆ ಎಂದು ಹೇಳಿ, ದಪ್ಪ ಕಾಗದ ಕೊಟ್ಟು ಬರೆಸಿದರು. "ದೇಹದ ವಿಷವನ್ನು ಹೊರಹಾಕುತ್ತದೆ. ನೂರಕ್ಕೆ ನೂರು ನೈಸರ್ಗಿಕ. ಕೃತಕ ಏನೂ ಇಲ್ಲ." ನಾಲ್ಕು ಸಲ ಬರೆದೆ. ನಾಲ್ಕನೆಯದರ ಫೋಟೋ ತೆಗೆದು ಎಲ್ಲ ಪೊಟ್ಟಣದ ಮೇಲೂ ಅಚ್ಚು ಹಾಕಿಸಿದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಅಂಗಡಿ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿತು. ಯಾರಿಗೂ ಹೇಳಲಿಲ್ಲ, ಆದರೆ ಆ ದಿನ ಬಹಳ ಖುಷಿಪಟ್ಟಿದ್ದೆ. ಅಮ್ಮನಿಗೆ ಮಾತ್ರ ಒಂದು ಪೊಟ್ಟಣ ತೋರಿಸಿದೆ. ಓದಲು ಬಾರದಿದ್ದರೂ ನನ್ನ ಅಕ್ಷರವನ್ನು ಗುರುತು ಹಿಡಿದಳು. ಬೆರಳಲ್ಲಿ ಸವರಿ, "ಹೊಲಿಗೆ ನಿಂದೇ. ಎಲ್ಲೂ ದಾರ ಬಿಟ್ಟಿಲ್ಲ" ಎಂದಳು. ನನ್ನ ಜೀವಮಾನದಲ್ಲಿ ಅವಳು ನನ್ನನ್ನು ಅಷ್ಟು ಹೊಗಳಿದ್ದು ಅದೊಂದೇ ಸಲ.

ಅದೇ ಸಮಯಕ್ಕೆ ಟಿವಿಯಲ್ಲಿ ದಿನಾ ಬೆಳಿಗ್ಗೆ ಒಬ್ಬಾಕೆ ಬರುತ್ತಿದ್ದಳು. ನಾವು ತಿನ್ನುವ ಬಣ್ಣ, ವಾಸನೆ, ಮಾತ್ರೆ ಎಲ್ಲ ಮೈಯಲ್ಲೇ ಕೂತು ವರ್ಷಗಟ್ಟಲೆ ಕೊಳೆಯುತ್ತದೆ ಎಂದು ಹೇಳುತ್ತಿದ್ದಳು. ಅಮ್ಮನಿಗೆ ಅಪ್ಪನ ನೆನಪಾಯಿತು. ಕೊನೆಯಲ್ಲಿ ಆಸ್ಪತ್ರೆಯಲ್ಲಿ ಅಪ್ಪನ ಮೂಗಿಗೆ, ಕೈಗೆ ಎಲ್ಲೆಲ್ಲೂ ನಳಿಕೆ ಹಾಕಿದ್ದರಲ್ಲ. "ನಡೆದುಕೊಂಡು ಹೋದ ಮನುಷ್ಯನ್ನ ಹೊತ್ತುಕೊಂಡು ಬಂದ್ವಿ. ಅಷ್ಟು ವಿಷ ತುಂಬಿದರು" ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಹಾಗಾಗಿ ಮೈ ಶುದ್ಧ ಮಾಡಿಕೊಳ್ಳಬೇಕು ಎಂದು ಹಟ ಹಿಡಿದಳು. ಯಾವುದನ್ನು ಕುಡಿಯುವುದು? ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋಗಿ, ಕಪಾಟಿನ ಮುಂದೆ ನಿಲ್ಲಿಸಿ, ಒಂದೊಂದೇ ಡಬ್ಬಿ, ಒಂದೊಂದೇ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿಸಿದಳು. ಕೃತಕ ಬಣ್ಣ, ಕೃತಕ ಸುವಾಸನೆ, ಕೃತಕ ಸಿಹಿ. ಅಂಗಡಿಯವನಿಗೆ ರೇಗಿತು. "ಅಮ್ಮಾ, ಇದು ಲೈಬ್ರರಿ ಅಲ್ಲ. ತಗೊಳೋಕೆ ಬಂದ್ರೋ ಓದೋಕೆ ಬಂದ್ರೋ?" ಎಂದ. "ಗುಂಡಿ ತಗೊಳೋವಾಗ್ಲೇ ನಾಲ್ಕು ಸಲ ತಿರುಗಿಸಿ ನೋಡ್ತೀನಿ, ಬಾಯಿಗೆ ಹಾಕೋದನ್ನ ನೋಡದೆ ತಗೊಳ್ಳಲಾ?" ಎಂದಳು ಅಮ್ಮ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು ಹೇಳು.

ಹೊರಗೆ ಬಂದ ಮೇಲೆ ಕೇಳಿದಳು, "ಈ ಕೃತಕ ಅಂದ್ರೆ ಏನೇ? ಎಲ್ಲದರಲ್ಲೂ ಅದೇ ಇದೆ." ನನಗೆ ಐದನೇ ಕ್ಲಾಸಿನ ಪಾಠ ನೆನಪಿತ್ತು. ವಿರುದ್ಧ ಪದ ಬರೆಯಿರಿ: ಸಹಜ, ಕೃತಕ. ಮನುಷ್ಯರು ಮಾಡಿದ್ದು ಎಂದು ಮೇಷ್ಟ್ರು ಹೇಳಿದ್ದರು. ನಾನು ಜಾಣೆಯ ಹಾಗೆ, "ತಾನಾಗಿ ಬೆಳೆದದ್ದಲ್ಲ ಅಮ್ಮಾ, ಕಾರ್ಖಾನೆಯಲ್ಲಿ ಮಾಡಿದ್ದು" ಎಂದೆ. ಅಷ್ಟೇ. ಒಂದು ಮಾತಿಗೆ ಅರ್ಥ ಹೇಳಿದೆ. ಮೂರು ದಿನದಲ್ಲಿ ಮನೆಯ ಅರ್ಧ ಸಾಮಾನು ಹೊರಗೆ ಹೋಯಿತು. ಬಿಸ್ಕತ್ತು ಹೋಯಿತು, ಹಲ್ಲಿನ ಪೇಸ್ಟು ಹೋಯಿತು, ಸೋಪು ಹೋಯಿತು. ನಾನು ನಗುತ್ತಿದ್ದೆ. ನಾಲ್ಕನೇ ದಿನ ಹಸಿರು ಡಬ್ಬಿಯನ್ನೂ ಮಾತ್ರೆಯ ಹಾಳೆಯನ್ನೂ ತಂದು ನನ್ನ ಮುಂದಿಟ್ಟು, "ಇದು ಎಲ್ಲಿ ಮಾಡಿದ್ದು, ಓದು" ಎಂದಳು. ಮಾತ್ರೆಯ ಹಾಳೆಯ ಹಿಂದೆ ಕಾರ್ಖಾನೆಯ ವಿಳಾಸವಿತ್ತು. ಓದಿದೆ.

ಯಾಕೆ ಓದಿದೆ ಎಂದು ಕೇಳುತ್ತೀಯ. ನಿನಗೆ ಆ ಶಾಲೆಯ ಚೀಟಿ ನೆನಪಿದೆಯಾ? ನೀನು ಮೇಷ್ಟ್ರ ಕುರ್ಚಿಗೆ ಶಾಯಿ ಸುರಿದಿದ್ದಕ್ಕೆ ಅವರು ಚೀಟಿ ಬರೆದು ಕಳಿಸಿದರೆ, ನೀನು ಅದನ್ನು ಅಮ್ಮನ ಮುಂದೆ ಗಟ್ಟಿಯಾಗಿ, "ನಿಮ್ಮ ಮಗಳು ಕ್ಲಾಸಿಗೇ ಮೊದಲು" ಎಂದು ಓದಿದೆ. ಅಮ್ಮ ಸಂತೋಷದಿಂದ ಮೇಷ್ಟ್ರಿಗೆ ಕರವಸ್ತ್ರ ಹೊಲಿದು, ಅಂಚಿಗೆ ದಾರದ ಹೂವು ಹಾಕಿ ಕೊಟ್ಟುಬಂದಳು. ಅವರು ಅದನ್ನು ಹಿಡಿದುಕೊಂಡು ಬಾಯಿ ತೆರೆದು ನಿಂತರಂತೆ. ನಿಜ ಗೊತ್ತಾದ ದಿನದಿಂದ ಅಮ್ಮ ನಿನ್ನ ಕೈಯಲ್ಲಿ ಏನನ್ನೂ ಓದಿಸಲಿಲ್ಲ. ಬಸ್ಸಿನ ಬೋರ್ಡು, ಔಷಧದ ಚೀಟಿ, ಮನೆಗೆ ಬಂದ ಕಾಗದ ಎಲ್ಲ ನನ್ನ ಪಾಲಿಗೆ ಬಂತು. "ಗಂಟೆ ತನಗೆ ಬೇಕಾದ್ದನ್ನ ಸೇರಿಸಿ ಓದ್ತಾಳೆ. ಹತ್ತಿ ಇದ್ದದ್ದನ್ನ ಇದ್ದ ಹಾಗೆ ಓದ್ತಾಳೆ" ಎನ್ನುತ್ತಿದ್ದಳು. ನನಗೆ ಅದೊಂದೇ ಹೆಮ್ಮೆ ಇತ್ತು ಅಕ್ಕಾ. ಮಾತಾಡಲು ಬಾರದವಳಿಗೆ ಬೇರೆಯವರ ಮಾತನ್ನು ತಪ್ಪಿಲ್ಲದೆ ಓದುವುದೇ ಮಾತು.

ಆ ದಿನವೇ ಮಾತ್ರೆ ಹೊರಗೆ, ಗುಂಡಿ ಒಳಗೆ. ನಾನು ತಂದ ಪೊಟ್ಟಣ ಒಡೆದು ಪುಡಿ ಕುಡಿಯಲು ಶುರು ಮಾಡಿದಳು. "ಕಾರ್ಖಾನೆ ಮಾತ್ರೆ ನುಂಗಿ ಮೇಲೆ ಶುದ್ಧಿಪುಡಿ ಕುಡಿದರೆ, ಒಂದು ಕೈಯಲ್ಲಿ ಕಸ ಗುಡಿಸಿ ಇನ್ನೊಂದು ಕೈಯಲ್ಲಿ ಸುರಿದ ಹಾಗೆ" ಎಂದಳು. ನಮ್ಮ ಪುಡಿಯೂ ಕಾರ್ಖಾನೆಯದೇ ಅಲ್ಲವಾ ಎಂದು ನಾನು ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದೆ. ಅಮ್ಮ ನಕ್ಕುಬಿಟ್ಟಳು. "ನೀನು ಮಾಡಿದ್ದು ಹೇಗೇ ಕೃತಕ ಆಗುತ್ತೆ? ನೀನೇನು ಮೆಷಿನ್ನಾ? ನಾನು ಹೆತ್ತಿರೋ ಕೈ ಅದು."

ನೀನಿದ್ದರೆ ಕೂಗಾಡಿ ಡಬ್ಬಿ ಬಿಸಾಡಿ ಎರಡು ದಿನ ಊಟ ಬಿಟ್ಟು ಮಾತ್ರೆ ನುಂಗಿಸುತ್ತಿದ್ದೆ. ನಾನು ಕಸ ಗುಡಿಸಿದೆ. ಮೊದಲ ಎರಡು ತಿಂಗಳು ಅಮ್ಮ ನಿಜವಾಗಿಯೂ ಹಗುರಾಗಿದ್ದಳು. ಹೊಟ್ಟೆ ಖಾಲಿಯಾದವರಿಗೆ ಹಾಗನ್ನಿಸುತ್ತದೆಯಂತೆ. ಇಪ್ಪತ್ತೊಂದು ದಿನ ಮುಗಿದರೂ ಅವಳು ನಿಲ್ಲಿಸಲಿಲ್ಲ. ಇನ್ನೂ ವಿಷ ಉಳಿದಿದೆ ಎಂದಳು. ಆಮೇಲೆ ಕಾಲು ಬಾತಿತು. ಬೆರಳಿಂದ ಒತ್ತಿದರೆ ಹಿಟ್ಟಿನಲ್ಲಿ ಬಿದ್ದಂತೆ ಗುಳಿ ಬೀಳುತ್ತಿತ್ತು. "ವಿಷವೆಲ್ಲ ಕೆಳಗಿಳಿದು ಕಾಲಿಗೆ ಬಂದಿದೆ, ಇನ್ನೊಂದು ವಾರಕ್ಕೆ ಹೊರಗೆ" ಎಂದಳು. ಮೈಯೆಲ್ಲ ತುರಿಕೆ ಶುರುವಾಯಿತು, ಚರ್ಮದಿಂದ ಹೋಗುತ್ತಿದೆ ಎಂದಳು. ವಾಂತಿ ಬಂತು, ಬಾಯಿಂದ ಹೋಗುತ್ತಿದೆ ಎಂದಳು. ಅವಳ ತಪ್ಪಲ್ಲ. ಪೊಟ್ಟಣದ ಹಿಂದೆ ಇನ್ನೊಂದು ಸಾಲಿದೆ, ಅದನ್ನೂ ನಾನೇ ಬರೆದದ್ದು, ನಾನೇ ಓದಿ ಹೇಳಿದ್ದು: "ತೊಂದರೆ ಕಂಡರೆ ಗಾಬರಿಯಾಗಬೇಡಿ. ಅದು ವಿಷ ಹೊರಹೋಗುತ್ತಿರುವ ಲಕ್ಷಣ."

ಒಂದು ಸಲ ಧೈರ್ಯ ಮಾಡಿದೆ. ನಗಬೇಡ. ಬಿಪಿ ಮಾತ್ರೆಯನ್ನು ಲಟ್ಟಣಿಗೆಯಲ್ಲಿ ಪುಡಿ ಮಾಡಿ ಅವಳ ಪೊಟ್ಟಣಕ್ಕೆ ಬೆರೆಸಿಟ್ಟೆ. ಬೆಳಿಗ್ಗೆ ಒಂದು ಗುಟುಕು ಕುಡಿದವಳೇ ಲೋಟ ಕೆಳಗಿಟ್ಟಳು. "ನಿಮ್ಮ ಮೇಡಂ ಮೋಸ ಶುರು ಮಾಡಿದಾಳೆ ಕಣೇ. ಇದರಲ್ಲಿ ಏನೋ ಕೃತಕ ಬೆರೆಸಿದಾರೆ. ಹೋಗಿ ಗಟ್ಟಿಯಾಗಿ ಕೇಳು" ಎಂದಳು. ಕೇಳುತ್ತೇನೆ ಎಂದೆ. ಸಂಜೆ ಬಂದ ತಕ್ಷಣ ಕೇಳಿದ್ಯಾ ಎಂದಳು. ಕೇಳಿದೆ, ಇನ್ನು ಮೇಲೆ ಬೆರೆಸುವುದಿಲ್ಲವಂತೆ ಎಂದೆ. ಅದಾದ ಮೇಲೆ ಬೆರೆಸಲಿಲ್ಲ. ಎಷ್ಟು ಬೆರೆಸಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ.

ಒಂದೂವರೆ ತಿಂಗಳ ಹಿಂದೆ ಹೊಲಿಗೆ ಮೆಷಿನ್ನಿನ ಮುಂದೆ ಕುಸಿದುಬಿದ್ದಳು. ತೂಕದಮ್ಮನೂ ನಾನೂ ಸೇರಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ವಯಸ್ಸಾದವರು, ಗದರಲಿಲ್ಲ. ಪೊಟ್ಟಣ ತರಿಸಿ ನೋಡಿದರು. "ನೋಡಮ್ಮ, ಮೈಯ ಕೊಳೆ ತೊಳೆಯೋಕೆ ಅಂತಲೇ ಹುಟ್ಟಿದಾಗಿಂದ ಒಳಗೆ ಎರಡು ಮೂತ್ರಪಿಂಡ ಇದಾವೆ. ಬೇರೆ ಪುಡಿ ಬೇಕಾಗಿರಲಿಲ್ಲ. ಬಿಪಿ ಮಾತ್ರೆ ಬಿಟ್ಟು ಅವಕ್ಕೆ ಏಟು ಬಿತ್ತು, ದಿನಾ ಹೊಟ್ಟೆ ಹರಿಸಿ ಇನ್ನಷ್ಟು ಒಣಗಿಸಿದ್ರಿ. ಈಗ ಎರಡೂ ಕೆಲಸ ನಿಲ್ಲಿಸ್ತಾ ಇವೆ" ಎಂದರು. ಇನ್ನು ಆ ಕೆಲಸವನ್ನು ಮೆಷಿನ್ನೇ ಮಾಡಬೇಕು, ವಾರಕ್ಕೆ ಎರಡು ಮೂರು ಸಲ ರಕ್ತವನ್ನು ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುತ್ತದೆ, ಅದಕ್ಕೆ ಡಯಾಲಿಸಿಸ್ ಎನ್ನುತ್ತಾರೆ ಎಂದರು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಡಾಕ್ಟರೇ ಹೇಳಿದರು, ಸುಮ್ಮನೆ ಹೋಗಿ ಆ ಕೋಣೆ ನೋಡಿಬನ್ನಿ, ಅಲ್ಲಿ ವರ್ಷಗಟ್ಟಲೆ ಬರುತ್ತಿರುವವರಿದ್ದಾರೆ, ಅವರ ಜೊತೆ ಮಾತಾಡಿ ಎಂದು.

ನಾನು ಅಮ್ಮನನ್ನು ಎರಡು ದಿನ ಬೇಡಿಕೊಂಡೆ. ಹೌದು, ನಾನೇ, ಬಾಯಿಬಿಟ್ಟು. ಮೂರನೇ ದಿನ ಒಪ್ಪಿದಳು. "ರಕ್ತ ತೊಳೆಯೋದು ಅಂದ್ರೆ ಅದೂ ಶುದ್ಧಿನೇ ತಾನೆ. ನಡಿ, ನೋಡೋಣ" ಎಂದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು, ತಲೆ ಬಾಚಿಸಿಕೊಂಡಳು. ಆಸ್ಪತ್ರೆಯ ಆ ಓಣಿ ಬಹಳ ಉದ್ದ. ಗೋಡೆಗೆ ಕೈಯಾನಿಸಿ, ನಡುನಡುವೆ ನಿಂತು ನಿಂತು ನಡೆದಳು. ಕೊನೆಯಲ್ಲಿ ಎರಡು ರೆಕ್ಕೆಯ ಬಾಗಿಲು. ಗಾಜಿನ ಕಿಂಡಿಯಲ್ಲಿ ಒಬ್ಬ ಮುದುಕ ಕಾಲುಚಾಚಿ ಕುಳಿತು ಪೇಪರ್ ಓದುತ್ತಿದ್ದುದು ಕಾಣುತ್ತಿತ್ತು. ಅವನ ಪಕ್ಕದ ಮೆಷಿನ್ನಿನಲ್ಲಿ ಒಂದು ಚಕ್ರ ತಿರುಗುತ್ತಿತ್ತು. ನರ್ಸಮ್ಮ ಬಾಗಿಲು ತೆರೆದು ಹಿಡಿದು, "ಬನ್ನಿ ಅಮ್ಮಾ, ಹೆದರಬೇಡಿ" ಎಂದಳು. ಅಮ್ಮ ಒಂದು ಕಾಲನ್ನು ಒಳಗಿಟ್ಟಾಗಿತ್ತು. ಬಾಗಿಲ ಮೇಲೆ ನೀಲಿ ಬೋರ್ಡು, ಬಿಳಿ ಅಕ್ಷರ. ತಲೆಯೆತ್ತಿ ನೋಡಿ, ಯಾವ ಬೋರ್ಡು ಕಂಡರೂ ಕೇಳುವ ಹಾಗೆ, "ಏನು ಬರೆದಿದೆ ಓದು" ಎಂದಳು.

ನಾನು ಓದಿದೆ. "ಕೃತಕ ಮೂತ್ರಪಿಂಡ ಘಟಕ."

ಇದ್ದದ್ದನ್ನು ಇದ್ದ ಹಾಗೆ. ಗಟ್ಟಿಯಾಗಿ, ಒತ್ತಕ್ಷರ ಒಂದೂ ತಪ್ಪದೆ. ನನ್ನ ಬಾಯಿಂದ ಅದು ಹೊರಬಿದ್ದ ಮೇಲೆಯೇ ಏನು ಓದಿದೆ ಎಂದು ನನಗೆ ತಿಳಿದದ್ದು. ಅಮ್ಮ ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಸಿಟ್ಟಿರಲಿಲ್ಲ ಅಕ್ಕಾ, ಅವಳ ಮುಖದಲ್ಲಿ ಏನೂ ಇರಲಿಲ್ಲ. ನರ್ಸಮ್ಮ ಅದು ಬರೀ ಹೆಸರು, ಆ ಹೆಸರಿಗೆ ಹೆದರುತ್ತಾರಾ ಎಂದಳು. ಪೇಪರ್ ಓದುತ್ತಿದ್ದ ಮುದುಕ ಒಳಗಿನಿಂದಲೇ, "ಬಾ ತಾಯಿ, ನಾನು ಆರು ವರ್ಷದಿಂದ ಬರ್ತಿದೀನಿ, ಸಾಯೋದು ಮರೆತೇಹೋಗಿದೆ" ಎಂದು ತಮಾಷೆ ಮಾಡಿದ. ಅಮ್ಮ ಅವರಿಗೆ ಕೈಮುಗಿದಳು. "ನಮ್ಮ ಹುಡುಗಿ ಸುಳ್ಳು ಓದಲ್ಲ" ಎಂದಳು. ದಾರಿಯಲ್ಲಿ ಒಂದೇ ಮಾತು: "ನೀನೇ ಬರೆದಿದ್ದೀಯಲ್ಲೇ, ನಿನ್ನ ಕೈಯಾರೆ, ಕೃತಕ ಏನೂ ಬೇಡ ಅಂತ." ಬೇಡ ಎಂದು ಬರೆದಿಲ್ಲ, ಇಲ್ಲ ಎಂದು ಬರೆದಿದ್ದೇನೆ ಎಂದು ಹೇಳಬೇಕಿತ್ತು. ಅವಳ ಕೈ ಹಿಡಿದು ಮನೆಗೆ ಕರೆತಂದೆ.

ಆ ಮೇಲೆ ಎಲ್ಲವನ್ನೂ ಮಾಡಿ ನೋಡಿದೆ. ಅದು ಮೇಡಂ ಹೇಳಿಸಿ ಬರೆಸಿದ್ದು, ಮಾತು ನನ್ನದಲ್ಲ ಎಂದು ಅಮ್ಮನಿಗೆ ಹೇಳಿದೆ. "ಮಾತು ಯಾರದಾದರೇನು, ಕೈ ನಿಂದು ತಾನೆ" ಎಂದಳು. ಮೇಡಂ ಹತ್ತಿರ ಹೋಗಿ, ಆ ಬರಹ ತೆಗೆದುಬಿಡಿ ಎಂದು ಕೇಳಿದೆ. ಅವರು ಪೊಟ್ಟಣವನ್ನು ತಿರುಗಿಸಿ ನೋಡಿ, "ಇದರಲ್ಲಿ ಸುಳ್ಳು ಏನಿದೆ ಹೇಳು. ಕೃತಕ ಏನೂ ಇಲ್ಲ ಅಂತಿದೆ, ಇಲ್ಲವಲ್ಲ" ಎಂದರು. ನಿಜ, ಇಲ್ಲ. ತೂಕದಮ್ಮ ಮೂಲೆಯಿಂದ, "ಹಾವಿನ ವಿಷದಲ್ಲೂ ಕೃತಕ ಏನೂ ಇಲ್ಲ ಮೇಡಂ, ಅದನ್ನೂ ತುಂಬೋಣ್ವಾ?" ಎಂದಳು. ಯಾರೂ ನಗಲಿಲ್ಲ. ನಾನು ಇನ್ನೂ ಅಲ್ಲಿಗೇ ಹೋಗುತ್ತಿದ್ದೇನೆ. ಬಿಟ್ಟರೂ ನನ್ನ ಅಕ್ಷರ ಅಲ್ಲೇ ಇರುತ್ತದೆ. ದಿನಕ್ಕೆ ಸಾವಿರ ಸಲ ನನ್ನ ಕೈಯನ್ನೇ ನಾನು ಸೀಲ್ ಹಾಕಿ ಕಳಿಸುತ್ತೇನೆ. ಅದನ್ನು ಯಾರ ಮನೆಯಲ್ಲಿ ಯಾರು ಯಾರಿಗೆ ಓದಿ ಹೇಳುತ್ತಾರೋ.

ಪುಡಿ ಕುಡಿಯುವುದನ್ನು ಮಾತ್ರ ಅಮ್ಮ ನಿಲ್ಲಿಸಿದ್ದಾಳೆ. ಗೆದ್ದೆ ಎಂದುಕೊಳ್ಳಬೇಡ, ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ಅಷ್ಟೇ. ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ಹಾಗೆ ರುಚಿಯಂತೆ. ಹಗಲು ಪೂರ್ತಿ ಕಿಟಕಿಯ ಹತ್ತಿರ ಕೂರುತ್ತಾಳೆ. ಒಮ್ಮೊಮ್ಮೆ ಹಳೆಯ ಅಂಗಿಗೆ ಗುಂಡಿ ಹೊಲಿಯಲು ಹೋಗುತ್ತಾಳೆ, ಸೂಜಿಯ ಕಣ್ಣು ಕಾಣುವುದಿಲ್ಲ, ದಾರ ಪೋಣಿಸಿಕೊಡು ಎನ್ನುತ್ತಾಳೆ. ಪೋಣಿಸಿಕೊಟ್ಟರೆ ಸೂಜಿ ಹಿಡಿದುಕೊಂಡೇ ತೂಕಡಿಸುತ್ತಾಳೆ. ನಿನ್ನೆ ನಾನೊಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದೆ. ಅದನ್ನು ಆಮೇಲೆ ಬರೆಯುತ್ತೇನೆ. ಈಗ ಅಮ್ಮ ಈ ಕಡೆಯೇ ನೋಡುತ್ತಿದ್ದಾಳೆ. ಅಕ್ಷರ ಓದಲು ಬಾರದಿದ್ದರೂ ನನ್ನ ಮುಖ ಓದುತ್ತಾಳೆ. "ಅಷ್ಟುದ್ದ ಏನೇ ಬರೀತಿದೀಯ? ಹತ್ತಿಗೆ ಇಷ್ಟು ಮಾತು ಎಲ್ಲಿಂದ ಬಂತು?" ಎನ್ನುತ್ತಿದ್ದಾಳೆ. ನೀನು ಸಮಯಕ್ಕೆ ಸರಿಯಾಗಿ ಊಟ ಮಾಡಬೇಕಂತೆ. ಒದ್ದೆ ಬಟ್ಟೆಯಲ್ಲಿ ನಿಲ್ಲಬಾರದಂತೆ. ಜಗಳ ಆಡಿದರೂ ಮೇಲಿನವರ ಜೊತೆ ಆಡಬಾರದಂತೆ. ಗಂಟೆಗೆ ನನ್ನ ಆಶೀರ್ವಾದ ಅಂತ ಬರಿ, ದೊಡ್ಡ ಅಕ್ಷರದಲ್ಲಿ ಬರಿ ಎಂದಳು. ಬರೆದಿದ್ದೇನೆ.

ಗಂಟೆಗೆ ಅಮ್ಮನ ಆಶೀರ್ವಾದ.

ನನ್ನದು ಬರೀ ನೆನಪು. ನಿನ್ನ ಕೈ ಜೋಪಾನ.

ನಿನ್ನ ತಂಗಿ,
ಹತ್ತಿ

ಮೇಲೆ ಬರೆಯದೆ ಬಿಟ್ಟದ್ದು: ಕವರಿಗೆ ಹಾಕಿದ ಮೇಲೆ ಅಮ್ಮ, ಏನು ಬರೆದಿದ್ದೀಯ ಓದಿ ಹೇಳು ಎಂದಳು. ಹೊರತೆಗೆದು ಅವಳ ಮುಂದೆ ನಿಂತುಕೊಂಡು ಓದಿದೆ. ಅಮ್ಮನ ಕಾಲಿನ ಬಾವು ಇಳಿದಿದೆ, ಊಟ ಸೇರುತ್ತಿದೆ, ಅಂಗಿಗಳಿಗೆಲ್ಲ ಗುಂಡಿ ಹೊಲಿದಳು, ನಾನು ಮೇಡಂ ಜೊತೆ ಜಗಳವಾಡಿ ಗೆದ್ದೆ ಎಂದೆಲ್ಲ. ಹಾಳೆ ತಿರುಗಿಸುವ ಕಡೆ ತಿರುಗಿಸಿದೆ, ಎಲ್ಲೂ ತಡವರಿಸಲಿಲ್ಲ. ಎರಡು ಕಡೆ ನಕ್ಕಳು. "ಚೆನ್ನಾಗಿ ಬರೆದಿದೀಯ, ಇದ್ದದ್ದು ಇದ್ದ ಹಾಗೆ" ಎಂದಳು. ಇಷ್ಟು ಸುಲಭ ಅಕ್ಕಾ, ಇಷ್ಟೇ ಸುಲಭ. ಆ ಬಾಗಿಲ ಮುಂದೆ ನಿನ್ನ ಹಾಗೆ ಒಂದೇ ಒಂದು ಸಲ, ರಕ್ತ ತೊಳೆಯುವ ಕೋಣೆ ಎಂದು ಓದಿದ್ದರೆ ಸಾಕಿತ್ತು. ಹೃದಯಕ್ಕೂ ನೀರು ತುಂಬಿದೆ, ಈಗ ನಿಮ್ಮ ಅಮ್ಮ ಒಪ್ಪಿದರೂ ಮೆಷಿನ್ನನ್ನು ತಡೆದುಕೊಳ್ಳಲಾರರು ಎಂದು ಡಾಕ್ಟರು ನಿನ್ನೆ ಹೇಳಿದರು. ತಿಂಗಳ ಮಾತಲ್ಲ, ವಾರದ ಮಾತು ಎಂದರು. ಒಪ್ಪಿಸುವುದಕ್ಕೆ ಬರಬೇಡ, ನೋಡುವುದಕ್ಕೆ ಬಾ. ಕಾಗದ ಸಿಕ್ಕ ದಿನವೇ ಹೊರಡು. ಫೋನ್ ಮಾತ್ರ ಮಾಡಬೇಡ. ಮಾಡಿದರೆ ಅಮ್ಮ ಡಬ್ಬಿ ಅಲ್ಲಾಡಿಸುತ್ತಾಳೆ, ಗುಂಡಿ ಎಂದು ಗೊತ್ತಿದ್ದರೂ ನೀನು ನಂಬಿ ಅಲ್ಲೇ ಉಳಿದುಬಿಡುತ್ತೀಯ.